ಪಾನಗೋಷ್ಠಿ ಅಂದರೆ

ನನ್ನ ತಂಗಿ ಮಂಗಳ ಒಂದು ಪದದ ಅರ್ಥ ಕೇಳಿದಳು. ನನಗೆ ಗೊತ್ತಿತ್ತು. ಹೇಳಲಿಲ್ಲ. ನನ್ನ ತಪ್ಪು ಇಷ್ಟೇ. ಬರೆದರೆ ಒಂದು ಸಾಲೂ ತುಂಬುವುದಿಲ್ಲ. ಹೊಡೆದವರು, ಕದ್ದವರು, ಸುಳ್ಳುಸಾಕ್ಷಿ ಹೇಳಿದವರು ತಮ್ಮ ತಪ್ಪು ಒಪ್ಪಿಕೊಂಡರೆ ಕೇಳುವವರಿಗೆ ಅದು ತಪ್ಪೆಂದು ಗೊತ್ತಾಗುತ್ತದೆ. ನನ್ನದನ್ನು ಕೇಳಿದರೆ, ಇದೇನು ಮಹಾ ಎನ್ನುತ್ತಾರೆ. ಆದ್ದರಿಂದ ಆ ಮನೆ ಹೇಗಿತ್ತು, ಆ ಪದ ಎಂಥದು, ಅದನ್ನು ನಾನು ಯಾಕೆ ಬಾಯೊಳಗೇ ಇಟ್ಟುಕೊಂಡೆ ಎಂಬುದನ್ನು ಮೊದಲಿನಿಂದ ಹೇಳಬೇಕು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಮುಂದಿನ ಓದೆಲ್ಲ ಸಾಮಾನು ಕಟ್ಟಿಕೊಡುವ ಹಳೆಯ ಪತ್ರಿಕೆಗಳಲ್ಲಿ, ಆಮೇಲೆ ನನ್ನ ಮಕ್ಕಳ ಪಠ್ಯಪುಸ್ತಕಗಳಲ್ಲಿ ಆಯಿತು. ಇಲ್ಲಿನ ಕಾಗುಣಿತವನ್ನು ಮಗಳು ತಿದ್ದಿದ್ದಾಳೆ. ಮಾತು ನನ್ನದೇ.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನಮ್ಮ ಮನೆ. ಅಪ್ಪನದು ಬೆಲ್ಲದ ವ್ಯಾಪಾರ. ಮನೆಯಲ್ಲಿ ಅರ್ಧ ಬೆಲ್ಲದ್ದು, ಅರ್ಧ ನಮ್ಮದು. ಬೀದಿಗೆ ಜಗಲಿ, ಜಗಲಿ ದಾಟಿದರೆ ಪಡಸಾಲೆ, ಪಡಸಾಲೆಯ ಎಡಕ್ಕೆ ಬೆಲ್ಲದ ಕೋಣೆ. ಬಲಕ್ಕೆ ಅವ್ವ ಮಲಗುವ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು, ಹಿತ್ತಿಲು. ಬೆಲ್ಲದ ಕೋಣೆಯ ವಾಸನೆಗೆ ಗೋಡೆ ಬಾಗಿಲು ಲೆಕ್ಕಕ್ಕಿರಲಿಲ್ಲ. ನಾವು ಹೊದೆಯುವ ಕಂಬಳಿಗೂ ಅದೇ ವಾಸನೆ, ಅಪ್ಪ ಪೂಜೆಗೆ ಕೂತಾಗ ಹಚ್ಚುವ ವಿಭೂತಿಗೂ ಅದೇ ವಾಸನೆ. ಮಳೆಗಾಲದಲ್ಲಿ ಬೆಲ್ಲ ಬೆವರುತ್ತಿತ್ತು. ತಳದ ಸಾಲಿನ ಅಚ್ಚುಗಳು ಕರಗಿ ನೆಲದ ಮೇಲೆ ಕಪ್ಪು ಅಂಟು ಹರಿದು, ನಾಲ್ಕು ದಿನಕ್ಕೆ ಅದು ಹುಳಿಯಾಗಿ ನೊರೆ ಬರುತ್ತಿತ್ತು. ಎಲ್ಲಿಂದಲೋ ಕಡಜಗಳು ಬಂದು ಅದರ ಮೇಲೆ ಕೂರುತ್ತಿದ್ದವು. ಮೊದಲು ಗುಂಯ್ಯೆಂದು ಜೋರಾಗಿ ಹಾರುತ್ತಿದ್ದವು, ಬರುಬರುತ್ತಾ ಮಂಕಾಗಿ, ಗೋಡೆಗೆ ಢಿಕ್ಕಿ ಹೊಡೆದು, ಅಂಗಾತ ಬಿದ್ದು ಕಾಲು ಆಡಿಸುತ್ತಿದ್ದವು. ಆ ಹುಳಿ ಬೆಲ್ಲವನ್ನು ಕೊಳ್ಳುವುದಕ್ಕೆ ಊರಾಚೆಯ ಕಳ್ಳಬಟ್ಟಿಯವರು ಆಳು ಕಳಿಸುತ್ತಿದ್ದರು. ಬೇರೆ ಬೆಲ್ಲದವರು ಕೊಡುತ್ತಿದ್ದರೋ ಏನೋ, ಅಪ್ಪ ಮಾತ್ರ ಕೊಡುತ್ತಿರಲಿಲ್ಲ. ಕೋಣೆ ತೊಳೆಸಿ ಅಷ್ಟನ್ನೂ ತಿಪ್ಪೆಗುಂಡಿಗೆ ಸುರಿಸುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದವನ ಬೆಲ್ಲ ಹೆಂಡಕ್ಕೆ ಹೋಯಿತು ಅಂತ ಯಾರೂ ಅನ್ನಕೂಡದು ಎಂಬುದು ಅವರ ಹಟ. ಹಾಗೆಂದೇ ಊರಿನ ಕೆಲವರು ಹಿಂದಿನಿಂದ ಅದನ್ನೇ ಅನ್ನುತ್ತಿದ್ದರು. ಅಪ್ಪನಿಗೆ ಅದು ಕಿವಿಗೆ ಬಿದ್ದ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ ಅವ್ವನಿಗೆ ಒಂದು ಗಂಡುಮಗು ಹುಟ್ಟಿ ತೀರಿಕೊಂಡಿತು. ಅವ್ವ ಅಲ್ಲಿಂದ ಸರಿಯಾಗಿ ಏಳಲೇ ಇಲ್ಲ. ಒಲೆಯ ಮುಂದೆ ಹತ್ತು ನಿಮಿಷ ಕೂತರೆ ತಲೆ ಸುತ್ತುತ್ತಿತ್ತು. ಮಂಗಳನಿಗೆ ಆಗ ನಾಲ್ಕು ವರ್ಷ. ಒಂದು ಬೆಳಿಗ್ಗೆ ನಾನು ಸ್ಲೇಟು ಹಿಡಿದು ಜಗಲಿ ಇಳಿಯುತ್ತಿದ್ದಾಗ ಅಪ್ಪ ಕರೆದರು.

"ಗೌರೀ, ಇವತ್ತು ಓಗ್ಬ್ಯಾಡ. ಮಗೀನ ನೋಡ್ಕೊಳ್ಳೋರು ಯಾರೂ ಇಲ್ಲ."

ಆ "ಇವತ್ತು" ಮುಗಿಯಲೇ ಇಲ್ಲ. ಮಂಗಳನನ್ನು ಕಂಕುಳಲ್ಲಿ ಎತ್ತಿಕೊಂಡು ನಾನು ರಾಗಿ ಬೀಸಿದೆ, ಮುದ್ದೆ ತೊಳಸಿದೆ, ಹೊಳೆಗೆ ಬಟ್ಟೆ ಒಯ್ದೆ. ಆ ಕೆಲಸದ ಮೇಲೆ ನನಗೆ ಸಿಟ್ಟಿರಲಿಲ್ಲ. ಮಗುವಿನ ಮೇಲೂ ಇರಲಿಲ್ಲ. ಅವಳ ಕೂದಲು ಬಾಚಿ ಹೆರಳು ಹಾಕುವುದೆಂದರೆ ನನಗೆ ಹಬ್ಬ. ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಅವಳು ಶಾಲೆಗೆ ಸೇರಿದ ಮೇಲೆ. ಅವ್ವನಿಗೆ ಇನ್ನೂ ಹುಷಾರಾಗಿರಲಿಲ್ಲ, ಮನೆಯಲ್ಲಿ ಕೆಲಸ ಅಷ್ಟೇ ಇತ್ತು, ಆದರೂ ಮಂಗಳನನ್ನು "ಇವತ್ತು ಓಗ್ಬ್ಯಾಡ" ಎಂದು ಯಾರೂ ಅನ್ನಲಿಲ್ಲ. ಅನ್ನಬೇಕಾದ ಕಾರಣವಿರಲಿಲ್ಲ, ನಾನಿದ್ದೆನಲ್ಲ. ಅವಳು ಚುರುಕು. ಎರಡನೇ ಕ್ಲಾಸಿಗೇ ಅಪ್ಪನಿಗೆ ಬಂದ ಕಾಗದಗಳನ್ನು ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಅಪ್ಪನಿಗೆ ಅಂಗಡಿಗೆ ಬೇಕಾದಷ್ಟೇ ಓದು. ಮಗಳು ತಡೆಯಿಲ್ಲದೆ ಓದುವಾಗ ಅವರು ಕಣ್ಣು ಮುಚ್ಚಿ, ಶಿವಪೂಜೆಯ ಮಂತ್ರ ಕೇಳುವ ಹಾಗೆ ಕೇಳುತ್ತಿದ್ದರು. ಶಾಲೆಯಿಂದ ಬಂದವಳಿಗೆ ಒಂದು ಲೋಟ ಹಾಲು. ಆ ಹಾಲನ್ನು ಕಾಯಿಸಿ ಆರಿಸಿ ಕೊಡುವವಳು ನಾನು. ಕೆನೆ ಲೋಟಕ್ಕೆ ಬೀಳದಂತೆ ತಡೆದು ಎಷ್ಟು ಸಲ ನಾನೇ ತಿಂದಿದ್ದೇನೋ ಲೆಕ್ಕವಿಲ್ಲ. ತಿಂದರೆ ಹೊಟ್ಟೆ ತುಂಬುತ್ತಿತ್ತೇ ಹೊರತು ಕಿಚ್ಚು ಆರುತ್ತಿರಲಿಲ್ಲ.

ಓದುತ್ತಾ ಓದುತ್ತಾ ಅವಳ ಮಾತು ಬದಲಾಯಿತು. ನಮ್ಮ ಮನೆಯಲ್ಲಿ ಎಲ್ಲರೂ "ಓಗು", "ಆಲು", "ಊವು" ಎನ್ನುವವರೇ. ಅವಳು ಪುಸ್ತಕದ ಹಾಗೆ "ಹೋಗು", "ಹಾಲು", "ಹೂವು" ಎಂದು ಶುರುಮಾಡಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನನ್ನೂ ತಿದ್ದಲು ಹೊರಟಳು.

"ಅಕ್ಕಾ, 'ಅಸು' ಅಲ್ಲ, 'ಹಸು' ಅನ್ನು. ಹೊಟ್ಟೆಯಿಂದ ಉಸಿರು ಬಿಡಬೇಕು, ಹ!"

ಅವಳಿಗೆ ಕುಚೋದ್ಯವಿರಲಿಲ್ಲ. ಕಲಿತದ್ದನ್ನು ಕಲಿಸುವ ಹುರುಪು, ಅಷ್ಟೇ. ನಾನು ಒಳಗೊಳಗೇ ಆ ಹಕಾರವನ್ನು ಅಭ್ಯಾಸ ಮಾಡಿದೆ. ಬೀಸುವ ಕಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಹಾಲು, ಹಸು, ಹೂವು, ಹಿಟ್ಟು ಎಂದು ಹೇಳಿಕೊಳ್ಳುತ್ತಿದ್ದೆ. ಎಲ್ಲಿ ಬೇಕು ಎಲ್ಲಿ ಬೇಡ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ಒಂದು ದಿನ ಹಾಸನದಿಂದ ನಮ್ಮ ಸೋದರಮಾವ ಬಂದಿದ್ದರು. ಅವ್ವನ ತಮ್ಮ, ಅಲ್ಲೊಂದು ಕಚೇರಿಯಲ್ಲಿ ಗುಮಾಸ್ತೆ. ನಾನು ಮೊರ ಹಿಡಿದು ಕೂತಿದ್ದೆ. "ಏನ್ಮಾಡ್ತಿದೀಯೇ ಗೌರೀ" ಎಂದು ಕೇಳಿದರು. ಅವರ ಮುಂದೆ ಓದಿದವಳ ಹಾಗೆ ಮಾತಾಡಬೇಕೆಂದು ಹೊಟ್ಟೆಯಿಂದ ಉಸಿರು ತಂದು ಹೇಳಿದೆ:

"ಹಕ್ಕಿ ಆರಿಸ್ತಿದೀನಿ ಮಾವ."

ಮಂಗಳ ಮೊದಲು ನಕ್ಕಳು. ಆಮೇಲೆ ಮಾವ. ಆಮೇಲೆ ಬೆಲ್ಲದ ಕೋಣೆಯ ಬಾಗಿಲಲ್ಲಿದ್ದ ಅಪ್ಪ.

"ಅಕ್ಕಿ ಓಗಿ ಅಕ್ಕಿ ಆಗೋಯ್ತಾ! ರೆಕ್ಕೆ ಪುಕ್ಕ ಎಲ್ಲ ಕಿತ್ತು ಸರಿಯಾಗಿ ಆರ್ಸವ್ವ, ಮಧ್ಯಾಹ್ನ ಅನ್ನದಾಗೆ ಸಿಕ್ಕಾತು!" ಎಂದರು ಅಪ್ಪ.

ಅವರೇ ಹಕ್ಕಿಯನ್ನು "ಅಕ್ಕಿ" ಎಂದರು, ಅದಕ್ಕೆ ಯಾರೂ ನಗಲಿಲ್ಲ. ತಪ್ಪು ಮಾತಾಡಿದ ಅಪ್ಪ ಯಜಮಾನರು. ಸರಿ ಮಾತಾಡಲು ಹೋದ ನಾನು ಪೆದ್ದಿ. ಅಂದು ಮಾವ ಇನ್ನೊಂದು ಮಾತು ಹೇಳಿದರು. ಮಿಡ್ಲ್ ಸ್ಕೂಲು ಮುಗಿದ ಮೇಲೆ ಮಂಗಳನನ್ನು ಹಾಸನದಲ್ಲಿ ತಮ್ಮ ಮನೆಯಲ್ಲಿ ಇಟ್ಟುಕೊಂಡು ಹೈಸ್ಕೂಲಿಗೆ ಕಳಿಸುತ್ತೇನೆ ಎಂದು. ಅಪ್ಪ "ನೋಡಾನ" ಎಂದರು. ಅಪ್ಪನ "ನೋಡಾನ" ಎಂದರೆ ಹೂಂ ಎಂದೇ ಅರ್ಥ. ನಾನು ಮೊರದಲ್ಲಿ ಕಲ್ಲು ಹುಡುಕುತ್ತಿದ್ದೆ. ಕಣ್ಣು ಮಂಜಾಗಿ ಕಲ್ಲು ಯಾವುದು ಅಕ್ಕಿ ಯಾವುದು ತಿಳಿಯುತ್ತಿರಲಿಲ್ಲ.

ಇಂಥ ನನಗೂ ಒಂದು ಶಾಲೆ ಇತ್ತು. ಶ್ರಾವಣ ಮಾಸದಲ್ಲಿ ರುದ್ರಯ್ಯನವರು ಎಂಬ ಮುದುಕರು ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಗೆ ಬಂದು ಪುರಾಣ ಓದುತ್ತಿದ್ದರು. ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು. ರುದ್ರಯ್ಯನವರು ಒಂದು ಪದ್ಯ ರಾಗವಾಗಿ ಓದಿ, ಕನ್ನಡಕ ಹಣೆಗೇರಿಸಿ, ನಮ್ಮ ಮಾತಿನಲ್ಲೇ ಅರ್ಥ ಹೇಳುವರು. ಶಾಲೆಗೆ ರಜೆಯಿದ್ದ ದಿನ ಊಟದ ಮಂಪರಿಗೆ ಮಂಗಳ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿಬಿಡುತ್ತಿದ್ದಳು. ನಾನು ರೆಪ್ಪೆ ಮುಚ್ಚುತ್ತಿರಲಿಲ್ಲ. ಅಲ್ಲಿ ಕೇಳಿದ ಒಂದೊಂದು ಪದವನ್ನೂ ಒಳಗೆ ಇಟ್ಟುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ರಕ್ಕಸರ ಅರಮನೆಯ ವರ್ಣನೆ ಬಂತು. ಪದ್ಯದಲ್ಲಿ "ಪಾನಗೋಷ್ಠಿ" ಎಂದಿತ್ತು. ಓದುವಾಗ ಅದೇನೋ ದೇವಸ್ಥಾನದ ಗಂಟೆಯ ಹಾಗೆ ಗಂಭೀರವಾಗಿ ಕೇಳಿಸಿತು. ಮುಂದೆ ಕೂತ ಒಬ್ಬ ಮುದುಕಿ ಭಕ್ತಿಯಿಂದ ಕೈ ಮುಗಿದಳು. ರುದ್ರಯ್ಯನವರು ಪುಸ್ತಕ ಕೆಳಗಿಟ್ಟು ನಕ್ಕರು.

"ಕೈ ಮುಗೀಬ್ಯಾಡ ತಾಯೀ! ನಮ್ಮ ಶರಣರದು ಶಿವಗೋಷ್ಠಿ. ಇದು ಪಾನಗೋಷ್ಠಿ. ಹೆಂಡ ಕುಡಿಯೋರ ಕೂಟ ಕಣವ್ವ. ಒಬ್ನೇ ಮೂಲೇಲಿ ಕೂತು ಕುಡುದ್ರೆ ಗೋಷ್ಠಿ ಆಗಾಕಿಲ್ಲ. ಹತ್ತು ಜನ ಸೇರ್ಬೇಕು, ಒಬ್ರ ಮ್ಯಾಲೊಬ್ರು ಬೀಳ್ಬೇಕು, ಆಡ್ಬೇಕು, ಕುಣೀಬೇಕು, ಉಟ್ಟ ಪಂಚೆ ಎಲ್ಲೋಯ್ತು ಅಂತ ಬೆಳಗ್ಗೆ ಹುಡುಕ್ಬೇಕು. ಅದು ಪಾನಗೋಷ್ಠಿ!"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗುವಿಗೆ ಮಂಗಳ ಮಗ್ಗುಲು ಬದಲಾಯಿಸಿದಳು, ಎಚ್ಚರವಾಗಲಿಲ್ಲ. ಆ ಪದ ನನಗೆ ಎಷ್ಟು ಹಿಡಿಸಿತೆಂದರೆ, ಅವತ್ತಿನಿಂದ ಅದನ್ನು ಎಲ್ಲೆಂದರಲ್ಲಿ ಬಳಸತೊಡಗಿದೆ, ಮನಸ್ಸಿನಲ್ಲಿ ಮಾತ್ರ. ಹುಳಿ ಬೆಲ್ಲದ ಮೇಲೆ ಕಡಜಗಳು ಉರುಳಾಡಿದರೆ ಪಾನಗೋಷ್ಠಿ. ಹೊಳೆಯಾಚೆ ಈಚಲ ಮರಗಳ ಹೆಂಡದಂಗಡಿಯಿಂದ ನಾಲ್ಕು ಜನ ಹೆಗಲ ಮೇಲೆ ಕೈ ಹಾಕಿಕೊಂಡು, ಒಂದೇ ಹಾಡನ್ನು ನಾಲ್ಕು ರಾಗದಲ್ಲಿ ಹಾಡುತ್ತಾ ಬಂದರೆ ಪಾನಗೋಷ್ಠಿ. ಹಿತ್ತಿಲಿನ ಬೇವಿನ ಮರದಲ್ಲಿ ಗಿಳಿಗಳ ಗಲಾಟೆ ಎದ್ದರೂ ಅದೇ. ಹಕಾರವಿಲ್ಲದ ಪದ ಅದು. ನನ್ನ ನಾಲಗೆ ಎಲ್ಲೂ ಎಡವುತ್ತಿರಲಿಲ್ಲ. ಓದಿದ ಮಂಗಳನಿಗೆ ಗೊತ್ತಿಲ್ಲದ, ನನಗೆ ಗೊತ್ತಿದ್ದ ಪದ.

ಹೀಗೆ ನಾಲ್ಕು ವರ್ಷ ಕಳೆಯಿತು. ಮಂಗಳ ಮಿಡ್ಲ್ ಸ್ಕೂಲಿನ ಕೊನೆಯ ಪರೀಕ್ಷೆ ಬರೆದಿದ್ದಳು. ನನಗೆ ಹದಿನಾರು, ಚನ್ನರಾಯಪಟ್ಟಣದ ಒಂದು ಮನೆಗೆ ನನ್ನ ಮದುವೆ ಗೊತ್ತಾಗಿತ್ತು. ಯುದ್ಧದ ಕಾಲ. ಸಕ್ಕರೆ ಸಿಗುತ್ತಿರಲಿಲ್ಲವಾಗಿ ಬೆಲ್ಲಕ್ಕೆ ಬೆಲೆ ಬಂದು ಅಪ್ಪ ಸ್ವಲ್ಪ ಗೆಲುವಾಗಿದ್ದರು. ಬಸವ ಜಯಂತಿಗೆ ಪ್ರತಿ ವರ್ಷ ನಮ್ಮ ಮನೆಯಲ್ಲಿ ಪೂಜೆ, ಬಂದವರಿಗೆ ಪಾನಕ, ಕೋಸಂಬರಿ. ಆ ವರ್ಷ ದೊಡ್ಡದಾಗಿ ಮಾಡಬೇಕು, ಅರಕಲಗೂಡು, ಶಾಂತಿಗ್ರಾಮ, ಹಾಸನ, ಚನ್ನರಾಯಪಟ್ಟಣದ ನೆಂಟರನ್ನೆಲ್ಲ ಕರೆಯಬೇಕು ಎಂದು ಅಪ್ಪ ಒಂದು ಕಟ್ಟು ಕಾರ್ಡು ತಂದರು.

"ಮಂಗ್ಳಾ, ನೀನೇ ಬರೀಬೇಕು. ಸುಮ್ನೆ ಬನ್ನಿ ಅಂತ ಬರೀಬ್ಯಾಡ. ನಾಕು ಒಳ್ಳೆ ಮಾತು ಸೇರ್ಸು. ಓದಿರೋ ಮಗಳು ಬರ್ದವ್ಳೆ ಅಂತ ಗೊತ್ತಾಗ್ಬೇಕು ಎಲ್ರಿಗೂ. ನಿಮ್ಮ ಮಾವನೂ ನೋಡ್ಲಿ."

ಮಂಗಳ ಪಡಸಾಲೆಯಲ್ಲಿ ಚಾಪೆ ಹಾಸಿ, ಮಸಿ ಕುಡಿಕೆ ಇಟ್ಟುಕೊಂಡು ಕೂತಳು. ನಾನು ಹಿಂದಿನ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿಚುಕುತ್ತಿದ್ದೆ. ಬಹಳ ಹೊತ್ತು ಯೋಚಿಸಿ, ಲೇಖನಿ ಕಚ್ಚಿಕೊಂಡು, ಎದ್ದು ಬಂದು ಹೊಸ್ತಿಲ ಮೇಲೆ ನಿಂತಳು.

"ಅಕ್ಕಾ, ನಮ್ಮ ಪುಸ್ತಕದಲ್ಲಿ ಒಂದು ಹಳೇ ಪದ್ಯದಲ್ಲಿ ಪಾನಗೋಷ್ಠಿ ಅಂತಿತ್ತು. ಮೇಷ್ಟ್ರನ್ನ ಕೇಳಿದ್ದಕ್ಕೆ, ಗೋಷ್ಠಿ ಅಂದ್ರೆ ಸಭೆ, ಮುಂದೆ ಓದು ಅಂದ್ಬಿಟ್ರು. ಅಮೃತಪಾನ ಅಂದ್ರೆ ಅಮೃತ ಕುಡಿಯೋದಲ್ವಾ? ಹಂಗಾದ್ರೆ ಪಾನಗೋಷ್ಠಿ ಅಂದ್ರೆ ಎಲ್ಲರೂ ಸೇರಿ ಪಾನಕ ಕುಡಿಯೋ ಸಭೆ ತಾನೆ?"

ಹೆಣ್ಣುಮಕ್ಕಳಿದ್ದ ತರಗತಿಯಲ್ಲಿ ಮೇಷ್ಟ್ರಿಗೆ ನಾಚಿಕೆಯಾಗಿರಬೇಕು. ನನ್ನ ಕೈಯಲ್ಲಿದ್ದ ಕಾಳು ಸಿಪ್ಪೆಯಿಂದ ಜಾರಿ ಬಟ್ಟಲಿಗೆ ಬಿತ್ತು. ಇನ್ನೊಂದು ತೆಗೆದುಕೊಂಡೆ. ಅಷ್ಟು ಹೊತ್ತು ಸಾಕಾಗಿತ್ತು. ಅಯ್ಯೋ ಹುಚ್ಚಿ, ಅದು ಹೆಂಡ ಕುಡಿಯುವವರ ಮಾತು ಎಂದು ಹೇಳಿ ಇಬ್ಬರೂ ನಗಬಹುದಾಗಿತ್ತು. "ನಿಂಗೆ ಹೇಗಕ್ಕಾ ಗೊತ್ತು" ಎಂದು ಅವಳು ಬೆರಗಾಗುತ್ತಿದ್ದಳು, ಅದೂ ನನಗೆ ಬೇಕಾಗಿದ್ದದ್ದೇ. ಆದರೆ ಅದಕ್ಕಿಂತ ಹೆಚ್ಚು ಬೇಕಾಗಿದ್ದು ಇನ್ನೊಂದಿತ್ತು. ಎಲ್ಲರ ಮುಂದೆ ಅವಳ ನಾಲಗೆ ಒಂದು ಸಲ ಎಡವಬೇಕು, ಮಾವ ನಗಬೇಕು, ಅಪ್ಪ ನಗಬೇಕು. ಬರೀ ನಗು. ಅದಕ್ಕಿಂತ ಮುಂದಿನದು ನನ್ನ ಕಣ್ಣಿಗೆ ಬೀಳಲಿಲ್ಲ. ಬಟ್ಟಲಿನಿಂದ ತಲೆ ಎತ್ತದೆ ಹೇಳಿದೆ:

"ಇನ್ನೇನು ಮತ್ತೆ? ಅದೇಯ."

ಸಂಜೆಯೊಳಗೆ ಕಾರ್ಡುಗಳೆಲ್ಲ ಆದವು. ಅಪ್ಪ ದೀಪದ ಹತ್ತಿರ ಕೂತು ಒಂದನ್ನು ಓದಿಸಿದರು. ಮಂಗಳ ನಿಂತುಕೊಂಡು ಓದಿದಳು: "ಬಸವ ಜಯಂತಿಯ ಶುಭದಿನ ನಮ್ಮ ಗೃಹದಲ್ಲಿ ಏರ್ಪಡಿಸಿರುವ ಪಾನಗೋಷ್ಠಿಗೆ ತಾವು ಕುಟುಂಬಸಮೇತರಾಗಿ ದಯಮಾಡಿಸಿ, ಕಂಠಪೂರ್ತಿ ಪಾನಮಾಡಿ, ನಮ್ಮನ್ನು ಆಶೀರ್ವದಿಸಬೇಕಾಗಿ ಪ್ರಾರ್ಥನೆ." ಅಪ್ಪ ಕಣ್ಣು ಮುಚ್ಚಿ ಕೇಳಿದರು. "ಆಹಾ" ಎಂದರು. ಆ ಪದ ಅವರಿಗೂ ಗಂಟೆಯ ಹಾಗೆ ಕೇಳಿಸಿರಬೇಕು. ನಾನು ಬಾಗಿಲ ಸಂದಿಯಲ್ಲಿದ್ದೆ. ಆಗಲೂ ಹೇಳಬಹುದಾಗಿತ್ತು.

ಮರುದಿನ ಅಂಚೆಯವನು ಜಗಲಿಗೆ ಬಂದಾಗ ಕಾರ್ಡುಗಳನ್ನು ಕೊಡುವ ಕೆಲಸ ನನ್ನದಾಯಿತು. ಇಲ್ಲಿ ಬರೆಯುವುದಕ್ಕೇ ಕೈ ಹಿಂಜರಿಯುವ ಮಾತು ಒಂದಿದೆ. ಕೊಡುವ ಮುಂಚೆ ನಾನು ವಿಳಾಸಗಳನ್ನು ಒಂದೊಂದಾಗಿ ಕೂಡಿಸಿ ಓದಿದೆ. ಚನ್ನರಾಯಪಟ್ಟಣದ್ದು, ಎಂದರೆ ನಾನು ಸೊಸೆಯಾಗಿ ಹೋಗಬೇಕಾದ ಮನೆಯದು, ಸಿಕ್ಕಿತು. ಅದೊಂದನ್ನು ಎಳೆದು ತೆಗೆದು ಒಲೆಗೆ ಹಾಕಿದೆ. "ಬೀಗರಿಗೆ ಕಾರ್ಡ್ ಬರದ್ರೆ ಮರ್ಯಾದೆ ಅಲ್ಲ, ಆಳು ಕಳ್ಸಿ ಕರೀರಿ" ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ಬುದ್ಧಿಗೆ ತಲೆದೂಗಿದರು. ಬರೀ ನಗುವಷ್ಟೇ ಬೇಕಾಗಿತ್ತು ಎಂದು ಮೇಲೆ ಬರೆದೆನಲ್ಲ, ಅದು ನಾನು ನನಗೇ ಹೇಳಿಕೊಂಡ ಸುಳ್ಳು. ನಗುವಷ್ಟೇ ಆಗುವುದಾಗಿದ್ದರೆ ಆ ಕಾರ್ಡನ್ನು ಯಾಕೆ ಸುಡುತ್ತಿದ್ದೆ?

ಕಾರ್ಡು ಎಂದರೆ ಎಲ್ಲರೂ ಓದುವ ಕಾಗದ. ಎರಡು ದಿನದಲ್ಲಿ ಪೇಟೆಬೀದಿಗೆಲ್ಲ ಸುದ್ದಿ ಆಯಿತು. ಹಬ್ಬಕ್ಕೆ ಮೂರು ದಿನವಿದ್ದಾಗ ಹೆಂಡದ ಗುತ್ತಿಗೆಯ ಸುಬ್ಬಣ್ಣ ಎಂಬವನು ನಮ್ಮ ಜಗಲಿಯ ಮುಂದೆ ಬಂದು ನಿಂತ. ಬೆಲ್ಲ ಕೊಳ್ಳಲು ಬಂದ ನಾಲ್ಕು ಜನ ಅಲ್ಲೇ ಇದ್ದರು.

"ಏನ್ ಯಜಮಾನ್ರೇ, ಪಾನಗೋಷ್ಠಿ ಮಡಗಿದೀರಂತೆ! ಊರವ್ರನ್ನೆಲ್ಲ ಕರದು ನಮ್ಮನ್ನೇ ಬುಟ್ಬುಟ್ರಲ್ಲಾ. ಎಷ್ಟು ಮಡಕೆ ಕಳಿಸ್ಲಿ ಏಳಿ."

"ಪಾನಕಕ್ಕೆ ಮಡಕೆ ನಮ್ಮಲ್ಲೇ ಅವೆ ಬುಡಪ್ಪ" ಎಂದರು ಅಪ್ಪ ಏನೂ ತಿಳಿಯದೆ.

"ಪಾನಕವಾ? ಅರ್ಥ ಗೊತ್ತಿಲ್ವಾ ಬುದ್ಧಿ? ಸಂಜೆ ಹೊತ್ನಲ್ಲಿ ನಮ್ಮ ಅಂಗ್ಡಿ ಮುಂದೆ ನಡೀತದಲ್ಲ, ಕುಡುದು ಕುಣಿಯೋದು, ಅದೇಯ ಪಾನಗೋಷ್ಠಿ! ಓ, ಗೊತ್ತಾಯ್ತು ಬುಡಿ. ಬೆಲ್ಲ ನಿಮ್ದೇ, ಕೋಣೆ ನಿಮ್ದೇ. ಒಳಗಿಂದೊಳ್ಗೇ ಇಳಿಸ್ಕೊತೀರಿ. ನಮ್ಮ ಮಡಕೆ ಯಾಕೆ ಬೇಕು!"

ಜಗಲಿಯ ಮೇಲಿದ್ದವರು ನಕ್ಕರು. ಅಪ್ಪನ ಮುಖದಲ್ಲಿ ವಿಭೂತಿ ಒಂದೇ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವರು ಒಳಗೆ ಬಂದು ಮಂಗಳನನ್ನು ಕರೆದರು. ಹೊಡೆಯಲಿಲ್ಲ. ಹೊಡೆದಿದ್ದರೆ ಸಿಟ್ಟು ಅಲ್ಲಿಗೆ ಮುಗಿಯುತ್ತಿತ್ತು.

"ಓದಿದ್ದೀಯಾ ಅಂತ ನಂಬ್ದೆ ಕಣವ್ವ. ಮೂವತ್ತು ವರ್ಷದಿಂದ ಒಂದು ಅಚ್ಚು ಬೆಲ್ಲ ಆ ಕಡೀಕೆ ಓಗ್ದಂಗೆ ಕಾದಿದ್ದೆ. ನೀನು ಕಾರ್ಡ್ನಾಗೆ ಬರ್ದು ಊರೂರಿಗೆ ಅಂಚಿಬುಟ್ಟೆ."

ಮಂಗಳ ನನ್ನ ಕಡೆ ನೋಡಿದಳು. ಅವಳು ಆ ಒಂದು ಮಾತು ಹೇಳಿಬಿಡುತ್ತಾಳೆ, ಅಕ್ಕನನ್ನು ಕೇಳಿದೆ ಎನ್ನುತ್ತಾಳೆ ಎಂದು ಅಡುಗೆಮನೆಯ ಬಾಗಿಲಿಗೆ ಸರಿದೆ. ಅವಳು ಹೇಳಲಿಲ್ಲ. ನನ್ನನ್ನೂ ಬೈಗುಳಕ್ಕೆ ಎಳೆಯಬಾರದು ಎಂದುಕೊಂಡಳು. ಆಮೇಲೆ ಹಿತ್ತಿಲಿನಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು.

"ನಿಂಗೂ ಗೊತ್ತಿರ್ಲಿಲ್ವಲ್ಲ ಅಕ್ಕಾ?"

"ನಂಗೇನೇ ಗೊತ್ತು? ಮೂರನೇ ಕ್ಲಾಸು ನಾನು."

ಅಷ್ಟು ವರ್ಷ ನನ್ನನ್ನು ಸುಟ್ಟ ಆ ಮೂರನೇ ಕ್ಲಾಸನ್ನೇ ಅವತ್ತು ಅಡಗಿಕೊಳ್ಳಲು ಮರೆ ಮಾಡಿಕೊಂಡೆ.

ಹಬ್ಬದ ದಿನ ಎರಡು ಕೊಪ್ಪರಿಗೆ ಪಾನಕ ಮಾಡಿದ್ದೆವು. ನಿಂಬೆಹಣ್ಣು, ಏಲಕ್ಕಿ, ಶುಂಠಿ, ಮೆಣಸು, ಯಾವುದಕ್ಕೂ ಕಡಿಮೆಯಿಲ್ಲ. ಬಂದವರು ಮಾತ್ರ ಕಡಿಮೆ. ಶಾಂತಿಗ್ರಾಮದವರು ಬರಲಿಲ್ಲ. ಅರಕಲಗೂಡಿನ ಸೋದರತ್ತೆ ಬಂದು, ಪೂಜೆ ಮುಗಿಸಿ, ಪಾನಕದ ಲೋಟ ಮುಟ್ಟದೆ ಹೋದರು. ಹಾಸನದ ಮಾವ ಬೆಳಗಿನ ಬಸ್ಸಿಗೆ ಬಂದವರು ಬಾಗಿಲಲ್ಲೇ ನಗುತ್ತಾ, "ಕಂಠಪೂರ್ತಿ ಕುಡೀಬೇಕಂತಲ್ಲ ಭಾವ, ಅದಕ್ಕೆ ಖಾಲಿ ಹೊಟ್ಟೇಲಿ ಬಂದಿದೀನಿ" ಎಂದರು. ಅಪ್ಪನ ಮುಖ ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಧ್ಯಾಹ್ನ ಪಡಸಾಲೆಯಲ್ಲಿ ಮಾತು ನಡೆಯಿತು. ನಾನು ಒಳಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದೆ.

"ಮಕ್ಕಳು ತಪ್ಪು ಮಾಡ್ತವೆ ಭಾವ. ಇದಕ್ಕೆಲ್ಲ ಓದು ಬಿಡಿಸ್ತಾರಾ? ಪರೀಕ್ಷೆ ಪಾಸಾಗ್ತಾಳೆ, ನಂಗೊತ್ತು. ನಾನು ಕರ್ಕೊಂಡೋಗ್ತೀನಿ."

"ಬ್ಯಾಡ. ಓದಿ ಓದಿ ಮನೆ ಮರ್ವಾದಿ ತೆಗೆದಿದ್ದು ಸಾಕು."

"ಅರ್ಥ ಗೊತ್ತಿಲ್ದೆ ಬರೆದವ್ಳೆ. ಕೇಳೋಣ ಅಂದ್ರೆ ಈ ಮನೇಲಿ ಹೇಳೋರು ಯಾರಿದ್ರು?"

"ಯಾರಿಗೆ ಗೊತ್ತಿರ್ತದೆ? ಇವಳವ್ವಂಗಾ? ಆ ಗೌರಿಗಾ?" ಎಂದರು ಅಪ್ಪ. "ಅವಳಿಗೆ ಅಕ್ಕಿ ಯಾವ್ದು ಅಕ್ಕಿ ಯಾವ್ದು ಗೊತ್ತಿಲ್ಲ. ಚನ್ರಾಯಪಟ್ನಕ್ಕೆ ಕಾರ್ಡ್ ಓಗ್ಲಿಲ್ಲ ಅನ್ನೋದೊಂದೇ ಪುಣ್ಯ. ಶಿವ ಉಳಿಸ್ದ."

ಆ ಗಳಿಗೆಯನ್ನು ನಾನು ಎಷ್ಟೋ ಸಲ ಮತ್ತೆ ಮತ್ತೆ ನೋಡಿದ್ದೇನೆ. ನನಗೆ ಗೊತ್ತಿತ್ತು, ರುದ್ರಯ್ಯನವರು ಹೇಳಿದ್ದರು, ನೀವೆಲ್ಲರೂ ಪೆದ್ದರು, ನಾನೊಬ್ಬಳೇ ತಿಳಿದವಳು ಎಂದು ಕೂಗಬೇಕೆನಿಸಿತು. ಕೂಗಿದ್ದರೆ ಒಂದೇ ಮಾತಿಗೆ ಜಾಣೆಯೂ ಪಾಪಿಯೂ ಆಗುತ್ತಿದ್ದೆ. ಮಂಗಳ ಹಾಸನಕ್ಕೆ ಹೋಗುತ್ತಿದ್ದಳು. ಒಳಗೆ ಹೋಗಿ ಚೊಂಬು ಇಟ್ಟೆ. ಮಾವ ಸಂಜೆಯ ಬಸ್ಸಿಗೆ ಒಬ್ಬರೇ ಹೊರಟರು. ಬೇಸಗೆಯ ಸೆಕೆಗೆ ಉಳಿದ ಪಾನಕ ಮರುದಿನ ನೊರೆಯೆದ್ದು ಹುಳಿ ನಾತ ಬಂತು, ಕಡಜಗಳು ಮುತ್ತಿದವು. ಅಪ್ಪ ನೋಡುವ ಮೊದಲು ಎರಡೂ ಕೊಪ್ಪರಿಗೆಯನ್ನು ನಾನೊಬ್ಬಳೇ ಎಳೆದುಕೊಂಡು ಹೋಗಿ ತಿಪ್ಪೆಗೆ ಚೆಲ್ಲಿ ಬಂದೆ.

ಪುಸ್ತಕಗಳು ಅಟ್ಟಕ್ಕೆ ಹೋದವು. ಫಲಿತಾಂಶ ಬಂದಾಗ ಮಂಗಳ ಪಾಸಾಗಿದ್ದಳು. ಅದನ್ನು ಮನೆಯಲ್ಲಿ ಯಾರೂ ಮಾತಿಗೆ ಎತ್ತಲಿಲ್ಲ. ಒಂದು ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನನ್ನ ಪಕ್ಕಕ್ಕೆ ಬಂದು ಕೂತು, "ಅಕ್ಕಾ, ರೊಟ್ಟಿ ತಟ್ಟೋದು ಹೇಳ್ಕೊಡು" ಎಂದಳು. ಅವಳು ಶಾಲೆಗೆ ಸೇರಿದಾಗಿನಿಂದ ನಾನು ಬಯಸಿದ್ದು ಅದೇ. ಅವಳೂ ನನ್ನ ಪಕ್ಕದಲ್ಲಿ, ಹೊಗೆಯಲ್ಲಿ, ಕಣ್ಣೊರೆಸಿಕೊಂಡು ಕೂರಬೇಕು. ಬಯಸಿದ್ದು ಸಿಕ್ಕಿತು. ಅವಳ ಮೊದಲ ರೊಟ್ಟಿ ಹರಿಯಿತು, ಬೆರಳು ಸುಟ್ಟಿತು. ಆ ಬೆರಳಿಗೆ ತುಪ್ಪ ಸವರಿದವಳು ನಾನು. ಆಗ ಅವಳು ಸಣ್ಣ ಧ್ವನಿಯಲ್ಲಿ ಒಂದು ಮಾತಾಡಿದಳು. ಗಮನಿಸಿದರೆ "ಓಗ್ಲಿ ಬುಡು ಅಕ್ಕ" ಎಂದಿದ್ದಳು. "ಹೋಗಲಿ" ಎನ್ನಲಿಲ್ಲ. ಅವಳ ನಾಲಗೆ ನಮ್ಮ ಕಡೆಗೆ ತಿರುಗಿಕೊಂಡಿತ್ತು. ನನಗೆ ಸಂತೋಷವಾಗಬೇಕಾಗಿತ್ತು.

ನಾನು ಚನ್ನರಾಯಪಟ್ಟಣಕ್ಕೆ ಬಂದೆ. ಎರಡು ವರ್ಷಕ್ಕೆ ಮಂಗಳನನ್ನು ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರದ ಮನೆಗೆ ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಗಂಡ. ಆದರೆ ಅವಳು ಮತ್ತೆ ಏನನ್ನೂ ಬರೆಯಲಿಲ್ಲ. ನನಗೆ ಒಂದು ಕಾಗದವಾದರೂ ಹಾಕು ಎಂದರೆ, "ಏನೋ ಬರೆಯೋಕೋಗಿ ಏನೋ ಆದೀತು, ಬ್ಯಾಡಕ್ಕ, ನೀನೇ ಬಾ" ಎನ್ನುತ್ತಿದ್ದಳು. ಅವಳಿಗೆ ನಿಜ ಹೇಳಿಬಿಡೋಣ ಎನಿಸಿದರೂ, ಅಪ್ಪ ಬದುಕಿರುವಷ್ಟು ಕಾಲ ಅಪ್ಪನಿಗೆ ತಿಳಿದರೆ ಎಂಬ ಹೆದರಿಕೆ. ಅವರು ತೀರಿಕೊಂಡ ಮೇಲೆ, ಇನ್ನು ಹೇಳಿ ಏನು ಪ್ರಯೋಜನ ಎಂಬ ನೆವ. ಒಂದಲ್ಲ ಒಂದು ಸಿಗುತ್ತಲೇ ಇತ್ತು.

ಒಂದು ಸಲ ನಾನು ರಾಮನಾಥಪುರಕ್ಕೆ ಹೋಗಿದ್ದೆ. ಬೆಳಗಿನ ಹತ್ತು ಗಂಟೆಯಿರಬಹುದು. ಮಂಗಳನ ಮಗಳು ವಸಂತ, ಹೈಸ್ಕೂಲಿನ ಹುಡುಗಿ, ಜಗಲಿಯಲ್ಲಿ ಕೂತು ಶಾಲೆಯ ಸಮಾರಂಭಕ್ಕೆ ಸ್ವಾಗತ ಭಾಷಣ ಬರೆಯುತ್ತಿದ್ದಳು. ಏನೋ ದೊಡ್ಡ ಪದ ಹಾಕಿ ತಾಯಿಗೆ ಓದಿ ತೋರಿಸಿದಳು. ಮಂಗಳ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅದರ ಅರ್ಥ ಗೊತ್ತಾ ನಿಂಗೆ? ಗೊತ್ತಿಲ್ದಿದ್ರೆ ಬರೀಬ್ಯಾಡ ಕಣೆ. ನಿಮ್ಮವ್ವ ಅಂಗೆ ಬರ್ದೇ ಅಡುಗೆಮನೆ ಸೇರಿದ್ದು."

ವಸಂತನಿಗೆ ಆ ಕಥೆ ಗೊತ್ತಿತ್ತು. ನಕ್ಕಳು. "ಯಾರನ್ನಾದ್ರೂ ಕೇಳಬಾರದಾಗಿತ್ತಾ ಅವ್ವ?"

"ಕೇಳ್ದೆ ಕಣೆ. ಇಗೋ, ದೊಡ್ಡವ್ವನ್ನೇ ಕೇಳ್ದೆ. ಪಾಪ, ಅವಳಿಗೆಲ್ಲಿ ಗೊತ್ತಿರ್ಬೇಕು? ನನ್ನ ಎತ್ಕೊಂಡು ತಿರುಗ್ಲಿ ಅಂತ್ಲೇ ಅವಳ ಇಸ್ಕೂಲು ಬಿಡ್ಸಿದ್ರು. ಅವಳೇನಾದ್ರೂ ಓದಿದ್ದಿದ್ರೆ ಅವತ್ತು ನಂಗೆ ಹೇಳ್ತಿದ್ಲು. ನಾನು ಉಳ್ಕೊತಿದ್ದೆ."

ಹೀಗೆಂದು ನನ್ನ ಕಡೆ ನೋಡಿ ನಕ್ಕು, ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಇಷ್ಟು ವರ್ಷ ಅವಳು ನನ್ನನ್ನು ಹೀಗೆ ಕಾಪಾಡಿಕೊಂಡು ಬಂದಿದ್ದಳು. ಯಾರ ಮುಂದೆ ಕಥೆ ಹೇಳಿದರೂ ಇದೇ ಜಾಗದಲ್ಲಿ ಪಾಪ ಎಂದಿರಬೇಕು. ಹುಡುಗಿ ಪುಸ್ತಕ ಮಡಿಚಿ ನನ್ನನ್ನು ಮರುಕದಿಂದ ನೋಡುತ್ತಿದ್ದಳು. ಆ ಮರುಕವನ್ನು ನನ್ನಿಂದ ತಡೆಯಲಾಗಲಿಲ್ಲ. ಮಗಳಿಲ್ಲದಾಗ ಹೇಳೋಣ ಎನ್ನಿಸಿತು. ಹಾಗೆ ಅನ್ನಿಸಿದ್ದೇ ಹೊಸ ನೆವ ಎಂದು ಗೊತ್ತಾಯಿತು. ಅವಳ ಮುಂದೆಯೇ ಹೇಳಿದೆ.

"ಪಾಪ ಅನ್ಬ್ಯಾಡ ಕಣೆ ಮಂಗ್ಳಾ. ನಂಗೆ ಅರ್ಥ ಗೊತ್ತಿತ್ತು. ನೀನು ಬಾಗ್ಲಲ್ಲಿ ನಿಂತು ಕೇಳ್ದಾಗ್ಲೇ ಗೊತ್ತಿತ್ತು. ಒಟ್ಟೆಕಿಚ್ಚಿಗೆ ಹೇಳ್ಲಿಲ್ಲ. ನಿನ್ನ ಓದು ಬಿಡ್ಸಿದ್ದು ಅಪ್ಪ ಅಲ್ಲ, ನಾನು. ನನ್ನಿಂದ ತಪ್ಪಾಯ್ತು ಕಣವ್ವ, ದೊಡ್ಡ ತಪ್ಪಾಯ್ತು."